ರುಮಾಲು ಬಿಚ್ಚಿದ ರಾಜ

ಹೋದ ತಿಂಗಳು ಮೊಳಕಾಲ್ಮೂರಿನಿಂದ ನನ್ನ ತಂಗಿಯ ಮಗ ಒಂದು ಕಾರ್ಡು ಬರೆದಿದ್ದ. ಮನೆಯ ಕ್ಷೇಮ, ಮಗ್ಗದ ಸಮಾಚಾರ, ಯಾರದೋ ಮದುವೆಯ ಮಾತುಕತೆ ಎಲ್ಲ ಮುಗಿದ ಮೇಲೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ, "ನಿಮ್ಮ ಹಳೆಯ ಹೆಡ್‌ಮಾಸ್ತರು ಹೋದ ವಾರ ತೀರಿಕೊಂಡರು" ಎಂದು ಗೀಚಿದ್ದ. ಎಂಥ ಮನುಷ್ಯನಿಗೆ ಅಂಚಿನಲ್ಲಿ ಜಾಗ ಕೊಟ್ಟನಲ್ಲ ಎಂದು ಆ ಹುಡುಗನ ಮೇಲೆ ಕೆಂಡದಂಥ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಅಳು ಬಂತು. ಗಂಡಸು ಅಳುವುದಕ್ಕೆ ನಾಚಬಾರದು ಎಂದು ನನಗೆ ಹೇಳಿಕೊಟ್ಟವರೂ ಅವರೇ. ಆದ್ದರಿಂದ ಜಗಲಿಯ ಮೇಲೆ ಕೂತೇ ಅತ್ತೆ. ನನ್ನ ಹೆಂಡತಿ ಒಳಗಿನಿಂದ ಬಂದು ನೋಡಿ, ಏನೂ ಕೇಳದೆ ನೀರು ತಂದಿಟ್ಟು ಹೋದಳು.

ಅವರನ್ನು ಮೊದಲು ಕಂಡದ್ದು ಜರ್ಮನ್ ಯುದ್ಧಕ್ಕೆ ಎರಡು ಮೂರು ವರ್ಷ ಮುಂಚೆ. ನನಗೆ ಚಳ್ಳಕೆರೆಯ ಶಾಲೆಗೆ ಅಸಿಸ್ಟೆಂಟ್ ಮೇಷ್ಟರ ಕೆಲಸವಾಗಿತ್ತು. ನೇಕಾರರ ಮನೆಯಲ್ಲಿ ಇಂಗ್ಲೀಷು ಕಲಿತವನು ನಾನೊಬ್ಬನೇ. ತಲೆ ಸ್ವಲ್ಪ ತಿರುಗಿಯೇ ಇತ್ತು ಎನ್ನಿ. ಮೊಳಕಾಲ್ಮೂರಿನಿಂದ ಗಾಡಿಯಲ್ಲಿ ಕುಲುಕಾಡಿ, ಧೂಳಿನಲ್ಲಿ ಮುಳುಗೆದ್ದು, ನಡುಮಧ್ಯಾಹ್ನ ಹೆಡ್‌ಮಾಸ್ತರ ಮನೆಯ ಮುಂದೆ ಇಳಿದೆ. ಬಾಗಿಲಲ್ಲಿ ನಿಂತಿದ್ದ ಸಣಕಲು ಮನುಷ್ಯ ನನ್ನನ್ನು ನೋಡಿ, "ಬರ್ರಿ, ಕಾಲು ತೊಳ್ಕಳ್ರಿ" ಎಂದು ಹಂಡೆಯ ಕಡೆ ಕೈ ತೋರಿಸಿದರು. ಅಷ್ಟೇ. ಒಳಗೆ ಎಲೆ ಹಾಕಿತ್ತು. ನವಣೆ ಅನ್ನ, ಹುರುಳಿ ಸಾರು, ಮಜ್ಜಿಗೆ ಬಂದವು. ಎದುರಿಗೆ ಕೂತವರು ಬಿಸಿಲಿನ ವಿಷಯ, ಹುರುಳಿಯ ವಿಷಯ ಮಾತಾಡಿದರೇ ಹೊರತು ನೀನು ಯಾರು, ಎಲ್ಲಿಂದ ಬಂದೆ ಎಂದು ಒಂದು ಮಾತು ಕೇಳಲಿಲ್ಲ. ಹೊಸ ಮೇಷ್ಟರು ಬಂದಿದ್ದಾರೆ ಎಂಬ ಗೌರವ ಬೇಡವೇ? ನಾನು ಒಳಗೊಳಗೇ ಕುದಿಯುತ್ತ ಉಂಡೆ.

ಕೈತೊಳೆದು ಬಂದ ಮೇಲೆ, "ಈಗ ಹೇಳ್ರಿ, ಯಾರು ನೀವು?" ಎಂದರು.

"ನಿಮ್ಮ ಹೊಸ ಅಸಿಸ್ಟೆಂಟು" ಎಂದೆ, ಗಡುಸಾಗಿ.

ಅವರು ಚಪ್ಪಾಳೆ ತಟ್ಟಿ ನಕ್ಕರು. "ಒಳ್ಳೇದಾತು. ನಾನು ಯಾರೋ ಎಣ್ಣೆ ಗಾಣದವರ ಕಡೆಯೋರು ಅಂತ ತಿಳ್ಕಂಡಿದ್ದೆ. ನೋಡ್ರಿ, ಹಳೇ ಗ್ರೀಕರ ವೀರಕಾವ್ಯಗಳಲ್ಲಿ ಒಬ್ಬ ವೀರನ ಮನೆ ಬಾಗಿಲಿಗೆ ಯಾರಾದ್ರೂ ಬಂದ್ರೆ ಮೊದಲು ಕೈಕಾಲಿಗೆ ನೀರು, ಆಮೇಲೆ ಊಟ. ಹೆಸರು ಕೇಳೋದು ಊಟ ಆದ ಮೇಲೆ. ಹೆಸರು ಕೇಳಿ ಊಟ ಹಾಕೋನು ವೀರ ಅಲ್ಲ."

"ನಮ್ಮ ಕಡೆ ಮೊದಲು ಹೆಸರು ಕೇಳ್ತಾರೆ, ಆಮೇಲೆ ಕುಲ ಕೇಳ್ತಾರೆ, ಆಮೇಲೆ ನೀರು ಕೊಡೋದಾ ಬೇಡವಾ ಅಂತ ನೋಡ್ತಾರೆ" ಎಂದೆ.

"ಅದಕ್ಕೇ ನಮ್ಮ ಕಡೆ ವೀರರು ಕಡಿಮೆ" ಎಂದರು. ಆ ಊರಿನ ದೊಡ್ಡವರು ಅನೇಕರು ಅವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಕುಲ ಕೇಳದೆ ಊಟ ಹಾಕುವ ಮನೆ ಎಂದು ಅದಕ್ಕೆ ಹೆಸರು ಬಿದ್ದಿತ್ತು.

ಬೆಂಗಳೂರಿನಲ್ಲಿ ಎಫ್.ಎ. ಪರೀಕ್ಷೆಯ ತನಕ ಓದಿದ್ದವರು. ಗ್ರೀಕ್ ಭಾಷೆ ಒಂದಕ್ಷರ ಬಾರದು. ಅವರ ಕಾಲೇಜಿನ ಒಬ್ಬ ಮುದಿ ಪ್ರೊಫೆಸರು ಊರು ಬಿಟ್ಟು ಹೋಗುವಾಗ ಕೊಟ್ಟ ಎರಡು ಇಂಗ್ಲೀಷು ಪುಸ್ತಕಗಳಿದ್ದವು, ಗ್ರೀಕ್ ಕಾವ್ಯಗಳ ಗದ್ಯ. ರಟ್ಟು ಕಿತ್ತುಹೋದ ಅವನ್ನು ಹಳೆಯ ರೇಷ್ಮೆ ಸೀರೆಯ ಸೆರಗಿನಲ್ಲಿ ಸುತ್ತಿಟ್ಟಿದ್ದರು. ನಾನು ಆ ಬಟ್ಟೆ ನೋಡಿ, "ಇದು ನಮ್ಮೂರ ಮಗ್ಗದ್ದು" ಎಂದಾಗ ಅವರಿಗೆ ಪುಸ್ತಕಕ್ಕೇ ಒಂದು ನೆಂಟಸ್ತಿಕೆ ಸಿಕ್ಕಷ್ಟು ಸಂತೋಷವಾಯಿತು.

ವರ್ಷದ ಮೊದಲ ದಿನ ದೊಡ್ಡ ತರಗತಿಗೆ ಬಂದು ಹಲಗೆಯ ಮೇಲೆ ದುಂಡಗೆ ಬರೆಯುತ್ತಿದ್ದರು: ಗ್ರೀಕರ ವೀರನಿಗೆ ಬೇಕಾದ ಗುಣಗಳು. ಮಾನ. ಪರಾಕ್ರಮ. ಕೀರ್ತಿಯ ಆಸೆ. ಮಾತುಗಾರಿಕೆ. ಉಪಾಯ. ಅತಿಥಿಯ ಸತ್ಕಾರ. ಗೆಳೆಯನಿಗಾಗಿ ಅಳು. ಮಾನ ಯಾವಾಗಲೂ ಮೇಲೆ. ಇನ್ಸ್‌ಪೆಕ್ಟರು ಒಮ್ಮೆ ಬಂದು, ಇದು ಯಾವ ಪಾಠದಲ್ಲಿದೆ ಎಂದು ಕೇಳಿದ್ದಕ್ಕೆ, "ಯಾವ ಪಾಠದಲ್ಲೂ ಇಲ್ಲ ಸ್ವಾಮಿ, ಅದಕ್ಕೇ ಬರೆದಿದೀನಿ" ಎಂದರಂತೆ. ಈ ಏಳು ಗುಣಗಳ ಮೇಲೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯಬೇಕು, ಅದರ ಮೇಲೆ ತಮ್ಮ ಹೆಸರು ಅಚ್ಚಾಗಬೇಕು, ಇದು ಅವರ ಆಸೆ. ಮುಚ್ಚಿಡುತ್ತಲೂ ಇರಲಿಲ್ಲ. "ಮನುಷ್ಯ ಹೋಗ್ತಾನೆ ಕಣ್ರಿ, ಹೆಸರು ಉಳೀಬೇಕು. ಹೆಸರು ಉಳೀಲಿಲ್ಲ ಅಂದ್ರೆ ಹುಟ್ಟಿದ್ದು ಯಾಕೆ?" ಎನ್ನುವರು. ಈ ತಾಲ್ಲೂಕಿನಲ್ಲಿ ತಮ್ಮಷ್ಟು ಚೆನ್ನಾಗಿ ಲೆಕ್ಕ ಹೇಳಿಕೊಡುವವರು ಇನ್ನೊಬ್ಬರಿಲ್ಲ ಎಂದು ಸಂತೆಯ ನಡುವೆ ನಿಂತು ಹೇಳಬಲ್ಲವರಾಗಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಮಾತು ನಿಜ. ಹಾಗೆಂದರೆ, "ನಿಜ ಆದ್ರೆ ಹೇಳೋಕೇನು ಹೆದರಿಕೆ? ಗ್ರೀಕ್ ವೀರರು ತಾವೇ ಹೇಳ್ಕಂತಿದ್ರು" ಎನ್ನುವರು. ಏನು ಹೇಳುತ್ತೀರಿ ಇಂಥವರಿಗೆ!

ಮಾನ ಎಂದೆನಲ್ಲ, ಅವರ ಮಾನವೆಲ್ಲ ರುಮಾಲಿನಲ್ಲಿತ್ತು. ಕೆಂಪು ಅಂಚಿನ ಬಿಳಿ ರುಮಾಲು. ದಿನಾ ಬೆಳಿಗ್ಗೆ ಅವರ ಹೆಂಡತಿ ಅಂಗಳದ ಆ ಕೊನೆಯಲ್ಲಿ ಬಟ್ಟೆಯ ತುದಿ ಹಿಡಿದು ನಿಲ್ಲಬೇಕು. ಇವರು ಈ ಕೊನೆಯಿಂದ ಮಡಿಕೆ ಮಾಡುತ್ತ, ಸುತ್ತುತ್ತ, ಹೆಜ್ಜೆ ಹೆಜ್ಜೆಯಾಗಿ ಹೆಂಡತಿಯ ಹತ್ತಿರ ಬರಬೇಕು. ಒಂದು ಮಡಿಕೆ ಸೊಟ್ಟಗಾದರೆ ಮತ್ತೆ ಮೊದಲಿನಿಂದ. "ಮದುವೇಲಿ ಇಷ್ಟು ಸುತ್ತು ಸುತ್ತಿರಲಿಲ್ಲ" ಎಂದು ಆಕೆ ಗೊಣಗುವರು. ಬರಿದಲೆಯಲ್ಲಿ ಅವರನ್ನು ಕಂಡವರು ಚಳ್ಳಕೆರೆಯಲ್ಲಿ ಇರಲಿಲ್ಲ. ತಲೆಯಲ್ಲಿ ಕೂದಲು ಇದೆಯೋ ಇಲ್ಲವೋ ಎಂದು ಹುಡುಗರು ಪಂದ್ಯ ಕಟ್ಟುತ್ತಿದ್ದರು.

ಇಷ್ಟೆಲ್ಲ ಗತ್ತಿನ ಮನುಷ್ಯ ತರಗತಿಯಲ್ಲಿ ಅಳುತ್ತಿದ್ದರು. ಯುದ್ಧಕ್ಕೆ ಹೋದ ಯಜಮಾನನಿಗಾಗಿ ಬಾಗಿಲಲ್ಲಿ ಕಾದು ಕಾದು ಮುದಿಯಾದ ಒಂದು ನಾಯಿಯ ಕಥೆ ಹೇಳುವಾಗ ಪ್ರತಿ ವರ್ಷವೂ ಕೋಟಿನ ತುದಿಯಿಂದ ಮೂಗು ಒರೆಸಿಕೊಳ್ಳುವರು. ಹುಡುಗರು ಕಿಸಕ್ಕೆಂದರೆ, "ನಗ್ರಲೇ, ನಗ್ರಿ. ಆ ನಾಯಿ ನೋಡಿ ಅಷ್ಟು ದೊಡ್ಡ ವೀರನೂ ಅತ್ತ. ನಿಮ್ಮ ಅಪ್ಪಂದಿರಿಗೆ ಹೇಳ್ರಿ ಹೋಗಿ" ಎನ್ನುವರು.

ಅವರಿಗೆ ಸರಿಜೋಡಿಯಾಗಿ ಸಿಕ್ಕ ಕೇಳುಗ ಎಂದರೆ ಒಬ್ಬ ಕಿಲಾರಿ. ನಮ್ಮ ಸೀಮೆಯ ಹಟ್ಟಿಗಳಲ್ಲಿ ದೇವರಿಗೆಂದು ಬಿಟ್ಟ ಎತ್ತುಗಳಿರುತ್ತವೆ. ಅವನ್ನು ಹೂಡುವುದಿಲ್ಲ, ಮಾರುವುದಿಲ್ಲ, ಕೊಳ್ಳುವುದಿಲ್ಲ. ಅವು ಹಾಗೇ ಮೇದು ಹಾಗೇ ಮುದಿಯಾಗಿ ಸಾಯುತ್ತವೆ. ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನು ಕಿಲಾರಿ. ಈತನಿಗೆ ಆಗಲೇ ಅರವತ್ತು ದಾಟಿತ್ತು. ಮೂವತ್ತು ವರ್ಷದಿಂದ ಅದೇ ಕೆಲಸ. ಎತ್ತುಗಳು ಮುಳ್ಳುಬೇಲಿಯ ರೊಪ್ಪಕ್ಕೆ ಮರಳಿ ಬರುವ ತನಕ ಉಣ್ಣುವ ಹಾಗಿಲ್ಲ. ದೇವರ ಕೆಲಸದವನಾದ್ದರಿಂದ ಯಾವ ಮನುಷ್ಯರ ಕಾಲಿಗೂ ಬೀಳುವ ಹಾಗಿಲ್ಲ. ಅಮಲ್ದಾರರು ಎದುರು ಬಂದರೂ ಕೋಲು ಊರಿಕೊಂಡು ನೆಟ್ಟಗೆ ನಿಂತೇ ಇರುತ್ತಿದ್ದ. ಎತ್ತುಗಳ ಜೊತೆ ತೆಲುಗು, ನಮ್ಮ ಜೊತೆ ಕನ್ನಡ.

ಉಳ್ಳಾರ್ತಿ ಕಾವಲಿನ, ಎಂದರೆ ಸರ್ಕಾರದ ಹುಲ್ಲುಗಾವಲಿನ, ಅಂಚಿನಲ್ಲಿ ಒಂದು ವೀರಗಲ್ಲು ಇದೆ. ಕೆಳಗೆ ದನಗಳ ಹಿಂಡು, ಬಿಲ್ಲು ಹಿಡಿದ ಒಬ್ಬ. ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು. ಮೇಲೆ ಲಿಂಗದ ಮುಂದೆ ಕೂತ ಅವನೇ. ಹೆಸರಿಲ್ಲ, ಅಕ್ಷರವಿಲ್ಲ. ಭಾನುವಾರ ಮಧ್ಯಾಹ್ನ ಆ ಕಲ್ಲಿನ ಪಕ್ಕದ ಜಾಲಿಯ ನೆರಳಿಗೆ ಮೇಷ್ಟರು ಹೋಗುವರು, ನನ್ನನ್ನೂ ಎಳೆದುಕೊಂಡು ಹೋಗುವರು. ಕಿಲಾರಿ ಕೋಲಿಗೆ ಒರಗಿ ನಿಂತು, ಕಣ್ಣು ಹಿಂಡಿನ ಮೇಲೆ, ಕಿವಿ ಇವರ ಮೇಲೆ ಇಟ್ಟು ಕೇಳುವನು.

ಒಬ್ಬ ರಾಣಿಗಾಗಿ ಹತ್ತು ವರ್ಷ ಯುದ್ಧ ನಡೆಯಿತು ಎಂದು ಮೇಷ್ಟರು ಮೊದಲ ಸಲ ಹೇಳಿದಾಗ ಅವನು ಹಿಂಡಿನ ಕಡೆ ಕೋಲು ತೋರಿಸಿದ. "ಅಲ್ ಮೇಷ್ಟ್ರೆ, ಹತ್ತು ವರ್ಸ ಇವ್ರೆಲ್ಲ ಅಲ್ಲಿ ಬಡಿದಾಡ್ತಾ ಕುಂತ್ರೆ, ಊರಾಗಿನ ದನ ಯಾರು ನೋಡ್ಕಂತಿದ್ರು?"

ಮೇಷ್ಟರು ತಮ್ಮ ನೋಟ್ ಪುಸ್ತಕದಲ್ಲಿ ಪರಾಕ್ರಮ ಎಂಬುದರ ಕೆಳಗೆ, ದನ ಯಾರು ನೋಡಿದರು, ಎಂದು ಬರೆದುಕೊಂಡರು. ನಾನು ನಕ್ಕೂ ನಕ್ಕೂ ಸುಸ್ತಾದೆ.

ಅವಮಾನವಾಯಿತೆಂದು ಯುದ್ಧ ಬಿಟ್ಟು ಡೇರೆಯಲ್ಲಿ ಕೂತುಬಿಟ್ಟ ಮಹಾವೀರನ ವಿಷಯದಲ್ಲಂತೂ ಇಬ್ಬರಿಗೂ ಜಗಳವೇ ಆಯಿತು. "ಅವ್ನಿಗೆ ಅವಮಾನ ಆತು, ಸರಿ. ಅದ್ಕೆ ಜೊತ್ಯಾಗಿದ್ದೋರು ಸಾಯ್ಬೇಕಾ? ಇವ್ನೆಂಥ ವೀರ?" ಎಂದು ಕಿಲಾರಿ. "ಮಾನ ಹೋದ ಮೇಲೆ ಉಳಿಯೋದೇನೋ? ಮಾನ ಮೊದಲು" ಎಂದು ಮೇಷ್ಟರು. "ನಿಮ್ಗೂ ಅವ್ನಿಗೂ ರುಮಾಲು ಒಂದೇ ಬಿಡ್ರಿ" ಎಂದು ಕಿಲಾರಿ ಹಿಂಡಿನ ಕಡೆ ಹೊರಟುಹೋದ.

ಈ ಮಾನವೂ ಮಾತುಗಾರಿಕೆಯೂ ಸೇರಿ ಮೇಷ್ಟರಿಂದ ಒಂದು ತಪ್ಪು ಮಾಡಿಸಿದ್ದವು. ಶಾಲೆಯ ಬಹುಮಾನದ ದಿನ. ಊರಿನ ಅಧಿಕಾರಿಗಳೆಲ್ಲ ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ಸರ್ಕಾರದ ಕಾವಲು ನೋಡಿಕೊಳ್ಳುವ ದರೋಗಾ ಕೂಡ ಬಂದಿದ್ದ. ಹಿಂದೆ ಕುದುರೆ ದಳದಲ್ಲಿದ್ದ ಆಳು. ಎತ್ತರದ ಮೈಕಟ್ಟು, ತಿರುವಿದ ಮೀಸೆ. ಮೇಷ್ಟರು ವೀರರ ಮೇಲೆ ಭಾಷಣ ಬಿಗಿಯುತ್ತಿದ್ದವರು ಒಂದು ಗಳಿಗೆ ಅವನ ಮೀಸೆ ನೋಡಿದರು. "ಹಿಂದೆ ನಮ್ಮ ಸೀಮೆಯ ವೀರರು ದನ ಕಾಯುತ್ತ ಪ್ರಾಣ ಕೊಟ್ಟರು. ಈಗಿನ ವೀರರು ಹುಲ್ಲು ಕಾಯುತ್ತ ಮೀಸೆ ಬೆಳೆಸುತ್ತಾರೆ" ಎಂದುಬಿಟ್ಟರು. ಸಭೆ ಹೋ ಎಂದು ನಕ್ಕಿತು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ? ದರೋಗಾ ಎದ್ದು, ಚಪ್ಪಲಿ ಮೆಟ್ಟಿ, ಯಾರ ಕಡೆಯೂ ನೋಡದೆ ಹೊರಟುಹೋದ. ಆಮೇಲೆ ಎರಡು ವರ್ಷ ಅವರಿಬ್ಬರಿಗೂ ಮಾತಿಲ್ಲ. ಎದುರಾದರೆ ಒಬ್ಬರು ಬೇವಿನ ಮರ ನೋಡುವರು, ಇನ್ನೊಬ್ಬರು ಆಕಾಶ ನೋಡುವರು. "ಒಂದು ಮಾತು ತಪ್ಪಾತು ಅಂತ ಅಂದುಬಿಡಿ" ಎಂದು ನಾನು ಹೇಳಿ ನೋಡಿದೆ. ರುಮಾಲು ಸರಿಮಾಡಿಕೊಂಡರು, ಅಷ್ಟೇ.

ಮುಂದಿನದು ಒಂದು ಬೇಸಿಗೆಯ ಭಾನುವಾರ. ಇನ್ನೂ ಮಳೆ ಬಿದ್ದಿರಲಿಲ್ಲ. ಹೊರಗೆ ಹುಲ್ಲೆಲ್ಲ ಒಣಗಿತ್ತು. ಕಾವಲಿನ ಒಳಗೆ ಮಾತ್ರ, ಸರ್ಕಾರದ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದು, ಮೊಣಕಾಲುದ್ದ ನಿಂತಿತ್ತು. ವೀರಗಲ್ಲಿನ ಹತ್ತಿರ ಮೇಷ್ಟರು ಕಾವ್ಯದ ಕೊನೆಯ ಭಾಗಕ್ಕೆ ಬಂದಿದ್ದರು. ಸಿಟ್ಟಿನ ಆ ಮಹಾವೀರ ತನ್ನ ಗೆಳೆಯನನ್ನು ಕೊಂದ ರಾಜಕುಮಾರನನ್ನು ಕೊಂದ. ಕೊಂದರೂ ಸಿಟ್ಟು ಆರದೆ ಹೆಣವನ್ನು ತೇರಿಗೆ ಕಟ್ಟಿ ದಿನಾ ಧೂಳಿನಲ್ಲಿ ಎಳೆಯುತ್ತಿದ್ದ, ಮಣ್ಣು ಮಾಡಲು ಕೊಡುತ್ತಿರಲಿಲ್ಲ. ಸತ್ತವನ ಅಪ್ಪ, ಮುದುಕ ರಾಜ, ಕಾವಲು ಪಡೆಯನ್ನೆಲ್ಲ ದಾಟಿ ಒಬ್ಬನೇ ವೈರಿಯ ಡೇರೆಗೆ ಹೋದ. ಬಾಗಿಲ ಪರದೆ ಸರಿಸಿದ. ಒಳಗೆ ಕಾಲಿಟ್ಟ.

ಅಷ್ಟರಲ್ಲಿ ದೂರದಿಂದ ಕೂಗು ಕೇಳಿಸಿತು.

ಮೂವತ್ತು ವರ್ಷದಲ್ಲಿ ಮೊದಲ ಸಲ ಕಿಲಾರಿಯ ಕಣ್ಣು ಹಿಂಡಿನಿಂದ ಆಚೆ ಸರಿದು ಮೇಷ್ಟರ ಮುಖದ ಮೇಲೆ ನಿಂತಿತ್ತು. ಆ ಹೊತ್ತಿನಲ್ಲೇ ಎತ್ತುಗಳು ಗಡಿಕಲ್ಲು ದಾಟಿ ಕಾವಲಿನೊಳಗೆ ಹೋಗಿದ್ದವು. ಕಾವಲುಗಾರರು ಅವನ್ನು ಸುತ್ತುಹಾಕಿ ದೊಡ್ಡಿಯ ಕಡೆ ಹೊಡೆದುಕೊಂಡು ಹೋಗುತ್ತಿದ್ದರು. ಕಿಲಾರಿ, "ನಾಯನಾ, ನಾಯನಾ" ಎಂದು ತೆಲುಗಿನಲ್ಲಿ, ಅಪ್ಪಾ ಎನ್ನುವ ಹಾಗೆ, ಎತ್ತುಗಳನ್ನು ಕರೆಯುತ್ತ ಓಡಿದ. ಅವು ತಿರುಗಿ ನೋಡಿದವು, ನಿಂತವು. ಕೋಲಿನ ಪೆಟ್ಟು ಬಿತ್ತು. ಅದನ್ನು ನೋಡಿ ಮೇಷ್ಟರು ಕಲ್ಲಿನ ಹಾಗೆ ನಿಂತುಬಿಟ್ಟರು.

ದೊಡ್ಡಿಯ ಕಾನೂನು ನೇರ. ದಂಡ ಕಟ್ಟಿದರೆ ದನ ಬಿಡುತ್ತಾರೆ, ಕಟ್ಟದಿದ್ದರೆ ಕೆಲವು ದಿನ ನೋಡಿ ಹರಾಜು. ದಂಡವೇನೂ ದೊಡ್ಡದಲ್ಲ, ಹಟ್ಟಿಯವರೂ ಕೊಡುತ್ತೇವೆಂದರು, ಮೇಷ್ಟರೂ ಕೊಡುತ್ತೇನೆಂದರು. ಕಿಲಾರಿ ಬೇಡವೆಂದ. "ದೇವ್ರ ಎತ್ತಿಗೆ ದುಡ್ಡು ಕೊಟ್ಟು ಬಿಡಿಸ್ಕಂಡ್ರೆ ಕೊಂಡಂಗಾತು. ಕೊಂಡ ಮ್ಯಾಲೆ ಅದು ದೇವ್ರದಲ್ಲ." ಹಟ್ಟಿಯ ಹಿರಿಯರೂ ಹೌದೆಂದು ತಲೆ ತೂಗಿದರು. ಅವನು ದೊಡ್ಡಿಯ ಬಾಗಿಲ ಮುಂದೆ ಕೋಲು ಅಡ್ಡ ಇಟ್ಟುಕೊಂಡು ಕೂತ. ಎತ್ತು ರೊಪ್ಪಕ್ಕೆ ಬಾರದೆ ಊಟವಿಲ್ಲ. ಬಿಸಿಲೆಂದರೆ ಬಿಸಿಲು. ಹರಾಜಿನ ದಿನದ ತನಕ ಆ ಮುದುಕ ಉಳಿಯುತ್ತಾನೆ ಎಂಬ ಧೈರ್ಯ ಯಾರಿಗೂ ಇರಲಿಲ್ಲ.

ಹಟ್ಟಿಯ ಹುಡುಗರು ದೊಣ್ಣೆ ಹಿಡಿದು ಬಂದರು, ದೊಡ್ಡಿ ಮುರಿಯುತ್ತೇವೆಂದು. ಕಿಲಾರಿ ಗದರಿಸಿ ಕಳಿಸಿದ. ನಾನೂ ಒಂದು ಉಪಾಯ ಹೇಳಿದೆ, ಕಾವಲುಗಾರನನ್ನು ಗುಟ್ಟಾಗಿ ಒಲಿಸಿಕೊಂಡರೆ ಬಾಗಿಲ ಚಿಲಕ ತಾನಾಗಿ ಸಡಿಲವಾಗುತ್ತದೆ ಎಂದು. "ಕದ್ದು ತಂದ ಎತ್ತು ದೇವ್ರಿಗೆ ಬ್ಯಾಡ ಕಣಪ್ಪ" ಎಂದು ಆ ಹಸಿದ ಬಾಯಲ್ಲೇ ನಕ್ಕ. ಅಮಲ್ದಾರರು ಸರ್ಕೀಟಿನ ಮೇಲೆ ಎಲ್ಲೋ ಹೋಗಿದ್ದರು. ಕೊನೆಗೆ ಮೇಷ್ಟರು ತಮಗೆ ಗೊತ್ತಿದ್ದ ಆಯುಧ ಎತ್ತಿದರು. ಒಂದು ರಾತ್ರಿಯೆಲ್ಲ ಕೂತು ಇಂಗ್ಲೀಷಿನಲ್ಲಿ ಅರ್ಜಿ ಬರೆದರು. ಅಂಥ ಅರ್ಜಿ ನಾನು ಮತ್ತೆ ಓದಿಲ್ಲ. ಜವಾನನ ಕೈಲಿ ದರೋಗಾನಿಗೆ ಕಳಿಸಿದರು. ಜವಾನ ಕಾಗದವನ್ನು ಹಾಗೇ ವಾಪಸು ತಂದ. "ಸಾಹೇಬ್ರು ಹೇಳಿದ್ರು, ಇಂಗ್ಲೀಷು ತಮಗೆ ಬರಲ್ವಂತೆ, ತಾವು ಹುಲ್ಲು ಕಾಯೋರಂತೆ."

ಮೇಷ್ಟರು ಅರ್ಜಿಯನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. ಆ ದಿನ ಹಲಗೆಯ ಮುಂದೆ ನಿಂತರೂ ಪಾಠ ಮಾಡಲಿಲ್ಲ, ಹುಡುಗರಿಗೆ ಮಗ್ಗಿ ಬರೆಯಲು ಹೇಳಿ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ನಾನೂ ಅವರೂ ದೊಡ್ಡಿಗೆ ಹೋದೆವು. ಕಿಲಾರಿಯ ತುಟಿ ಒಡೆದಿದ್ದವು. ಬೇಲಿಯ ಸಂದಿನಿಂದ ಒಂದು ಬಿಳಿ ಎತ್ತು ಮೂತಿ ತೂರಿಸಿ ಅವನ ಹೆಗಲು ನೆಕ್ಕುತ್ತಿತ್ತು. ಮೇಷ್ಟರು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಅವರಿಗೆ ಕಿಲಾರಿಯ ಮುಖ ನೋಡಲು ಆಗುತ್ತಿರಲಿಲ್ಲ. "ನನ್ನ ಕಥೆಯಿಂದ ಆತು ಇದು" ಎಂದರು.

"ಕಥೆಯಿಂದ ಯಾಕಾತು? ನನ್ನ ಕಣ್ಣಿಂದ ಆತು" ಎಂದ ಅವನು. ಎತ್ತಿನ ಮೂತಿ ಸವರಿ, "ಅದು ಹೋಗ್ಲಿ. ಆ ಮುದುಕಪ್ಪ ಒಳಗೆ ಹೋದ್ನಲ್ಲ ಮೇಷ್ಟ್ರೆ, ಮಗನ ಕೊಂದೋನ ತಾವಕೆ. ಆಮೇಲೇನಾತು?" ಎಂದ.

ಮೇಷ್ಟರು ಬಾಯಿ ತೆರೆದರು. ಕಣ್ಣಲ್ಲಿ ನೀರು ಬಂತು. ಅಷ್ಟು ಮಾತಿನ ಮನುಷ್ಯ ಒಂದು ಮಾತೂ ಹೇಳಲಾರದೆ ಎದ್ದು ನಿಂತದ್ದನ್ನು ನಾನು ಅವತ್ತೇ ನೋಡಿದ್ದು. ಎದ್ದವರು ಬೇಲಿಯ ಆಚೆ ದರೋಗಾನ ಮನೆಯ ಕಡೆ ನಡೆದರು.

ದರೋಗಾ ಅಂಗಳದಲ್ಲಿ ನಿಂತು ಕಾವಲುಗಾರರಿಗೆ ಅವತ್ತಿನ ಕೆಲಸ ಹೇಳುತ್ತಿದ್ದ. ಬೇಲಿಯ ಈಚೆ ಹಟ್ಟಿಯ ಹತ್ತಿಪ್ಪತ್ತು ಜನ, ನಮ್ಮ ಶಾಲೆಯ ನಾಲ್ಕು ಹುಡುಗರು ಕೂಡ ಇದ್ದರು. ಮೇಷ್ಟರು ನೇರವಾಗಿ ಅವನ ಮುಂದೆ ಹೋಗಿ ನಿಂತರು. ಎರಡೂ ಕೈಯಿಂದ ರುಮಾಲು ತೆಗೆದರು. ದಿನಾ ಅಷ್ಟು ಹೊತ್ತು ಸುತ್ತಿದ್ದು ಒಂದು ಗಳಿಗೆಯಲ್ಲಿ ಬಿಚ್ಚಿಹೋಯಿತು. ತಲೆ ಪೂರ್ತಿ ಬೋಳಾಗಿತ್ತು. ಹುಡುಗರು ಯಾರೂ ನಗಲಿಲ್ಲ. ರುಮಾಲನ್ನು ದರೋಗಾನ ಕಾಲ ಮುಂದೆ ಇಟ್ಟು, ಅದರ ಪಕ್ಕದಲ್ಲೇ ಮೊಣಕಾಲೂರಿ ಅವನ ಎರಡೂ ಕೈ ಹಿಡಿದುಕೊಂಡರು.

"ಸಭೇಲಿ ಅವತ್ತು ಆಡಿದ ಮಾತು ತಪ್ಪು. ನಾಲ್ಕು ಜನ ನಗಲಿ ಅಂತ ಆಡ್ದೆ. ಅದಕ್ಕೆ ನನ್ನ ಏನು ಬೇಕಾದ್ರೂ ಮಾಡ್ರಿ. ಆ ಮುದುಕ ಯಾರ ಕಾಲಿಗೂ ಬೀಳೋ ಹಾಗಿಲ್ಲ, ಅದಕ್ಕೆ ನಾನು ಬಿದ್ದಿದೀನಿ."

ದರೋಗಾ ಕದಲಲಿಲ್ಲ. ಅವನ ಮೀಸೆ ಅದುರುತ್ತಿತ್ತು. ಒದೆಯುತ್ತಾನೋ ಏನೋ ಎಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವನು ಬಾಗಿ ಮೇಷ್ಟರನ್ನು ರಟ್ಟೆ ಹಿಡಿದು ಎತ್ತಿದ.

"ಮೂರು ದಿನದಿಂದ ನನಗೂ ಗಂಟಲಲ್ಲಿ ಕೂಳು ಇಳಿದಿಲ್ಲ ಮೇಷ್ಟ್ರೆ" ಎಂದ. "ಬಾಗ್ಲಲ್ಲಿ ಮುದುಕ ಉಪಾಸ ಕುಂತಿದಾನೆ. ನಮ್ಮಪ್ಪನೂ ಹಿಂಗೇ ಇದ್ದ, ಹಠಮಾರಿ. ಯಾರಾದ್ರೂ ಬಂದು ಬಾಯಿ ಬಿಟ್ಟು ಕೇಳ್ಲಿ ಅಂತ ಕಾಯ್ತಿದ್ದೆ. ಒಬ್ರು ದುಡ್ಡು ತಂದ್ರು, ಒಬ್ರು ದೊಣ್ಣೆ ತಂದ್ರು, ನೀವು ಕಾಗದ ಕಳಿಸಿದ್ರಿ."

ಅಷ್ಟು ಹೇಳುವಷ್ಟರಲ್ಲಿ ಆ ಕುದುರೆ ದಳದ ಆಳು ಬಿಕ್ಕಿದ. ಮೇಷ್ಟರು ಆಗಲೇ ಅಳುತ್ತಿದ್ದರು. ಇಬ್ಬರು ಗಂಡಸರು ಜನರ ಮುಂದೆ, ಹಗಲಲ್ಲಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ಆಮೇಲೆ ದರೋಗಾ ಕಾವಲುಗಾರರ ಕಡೆ ತಿರುಗಿ ದೊಡ್ಡ ದನಿ ತೆಗೆದು, "ಅಲ್ಲಿ ಗಡಿಕಲ್ಲು ಬಿದ್ದು ಎಷ್ಟು ದಿನ ಆತ್ಲೇ? ಎತ್ತಿಗೇನು ಗೊತ್ತಾಗ್ತೈತೆ ಎಲ್ಲಿ ಗಡಿ ಅಂತ? ತಪ್ಪು ಕಾವಲಿಂದು, ಎತ್ತಿಂದಲ್ಲ. ಮೇಲಿನೋರು ಕೇಳಿದ್ರೆ ನಾನು ಹೇಳ್ಕಂತೀನಿ. ಬಾಗ್ಲು ತೆಗೀರಿ" ಎಂದ. ಗಡಿಕಲ್ಲು ನಿಜಕ್ಕೂ ಬಿದ್ದಿತ್ತೋ ಇಲ್ಲವೋ ನಾನು ಹೋಗಿ ನೋಡಲಿಲ್ಲ.

ರುಮಾಲು ಇನ್ನೂ ಮಣ್ಣಲ್ಲಿತ್ತು. ದರೋಗಾ ಅದನ್ನು ಎತ್ತಿ, ಒದರಿ, ಮೇಷ್ಟರನ್ನು ಕಟ್ಟೆಯ ಮೇಲೆ ಕೂರಿಸಿ ತಾನೇ ಸುತ್ತಿದ. ಅವನಿಗೆ ಬರುತ್ತಿದ್ದದ್ದು ದಳದ ಸಿಪಾಯಿಗಳ ಸುತ್ತು. ಒಂದು ಕಿವಿ ಮುಚ್ಚಿ, ಹಿಂದೆ ಬಾಲ ಬಿಟ್ಟು, ಸೊಟ್ಟಗೆ ಬಿಗಿದ. ಮೇಷ್ಟರು ಅವತ್ತು ಹೊತ್ತು ಮುಳುಗುವ ತನಕ ಅದನ್ನು ಸರಿಮಾಡಿಕೊಳ್ಳಲಿಲ್ಲ. ಹಾಗೇ ಶಾಲೆಗೆ ಬಂದು ಪಾಠ ಮಾಡಿದರು. ಮಧ್ಯಾಹ್ನ ದರೋಗಾ ಮನೆಯಿಂದ ರೊಟ್ಟಿ ತರಿಸಿದ. ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

ಎತ್ತುಗಳು ಒಂದೊಂದಾಗಿ ಹೊರಗೆ ಬಂದಾಗ ಕಿಲಾರಿ ಎದ್ದು ನಿಲ್ಲಲಾರದೆ ಕೂತಲ್ಲೇ ಕೈ ಚಾಚಿ ಪ್ರತಿಯೊಂದರ ಕಾಲು ಮುಟ್ಟಿದ. ಅವುಗಳ ಹಿಂದೆಯೇ ಹಟ್ಟಿಯವರು ಅವನನ್ನು ಕೈಹಿಡಿದು ನಡೆಸಿಕೊಂಡು ಹೋದರು. ರೊಪ್ಪದ ಮುಳ್ಳುಬಾಗಿಲು ಹಾಕಿದ ಮೇಲೆ ಅವನು ಹಾಲು ಕುಡಿದ.

ಮುಂದಿನ ಭಾನುವಾರ ನಾವು ವೀರಗಲ್ಲಿಗೆ ಹೋದೆವು. ಕಿಲಾರಿ ಈ ಸಲ ನಮಗೆ ಬೆನ್ನು ಮಾಡಿ, ಹಿಂಡಿಗೆ ಮುಖ ಮಾಡಿ ನಿಂತಿದ್ದ. ಮೇಷ್ಟರು ಗಂಟಲು ಸರಿಮಾಡಿಕೊಂಡು, "ಕಥೆ ಅರ್ಧಕ್ಕೆ ನಿಂತಿತ್ತಲ್ಲ, ಉಳಿದದ್ದು ಹೇಳ್ತೀನಿ" ಎಂದರು.

"ಬ್ಯಾಡ ಬಿಡ್ರಿ ಮೇಷ್ಟ್ರೆ" ಎಂದ ಅವನು, ತಿರುಗದೆಯೇ. "ನೋಡ್ದೆ."

ಅಲ್ಲಿಂದಾಚೆಗೆ ಮೇಷ್ಟರು ಆ ಭಾಗವನ್ನು ಯಾವ ತರಗತಿಯಲ್ಲೂ ಹೇಳಲಿಲ್ಲ. ಮುದುಕ ರಾಜ ಡೇರೆಯೊಳಗೆ ಕಾಲಿಟ್ಟ ಎನ್ನುವಲ್ಲಿಗೆ ನಿಲ್ಲಿಸಿಬಿಡುವರು. ಹುಡುಗರು ಆಮೇಲೆ, ಆಮೇಲೆ ಎಂದು ಪೀಡಿಸಿದರೆ, "ಹೋಗಿ ಆ ಕಿಲಾರಿನ ಕೇಳ್ರಿ, ನನಗಿಂತ ಚೆನ್ನಾಗಿ ಗೊತ್ತೈತೆ" ಎನ್ನುವರು. ಹಲಗೆಯ ಮೇಲಿನ ಪಟ್ಟಿಯೂ ಆ ವರ್ಷದಿಂದ ನಿಂತುಹೋಯಿತು. ಪುಸ್ತಕ ಎಲ್ಲಿಗೆ ಬಂತು ಎಂದು ನಾನು ಎರಡು ಮೂರು ಸಲ ಕೆಣಕಿದೆ. "ಬರೀಬೇಕು, ಬರೀಬೇಕು" ಎಂದರೇ ಹೊರತು ಬರೆಯಲಿಲ್ಲ. ಕೆಲವು ವರ್ಷದ ಮೇಲೆ ಮೊಳಕಾಲ್ಮೂರಿಗೆ ವರ್ಗವಾಗಿ, ಅಲ್ಲೇ ಪಿಂಚಣಿ ಪಡೆದು ಉಳಿದರು. ನಾನು ಊರಿಗೆ ಹೋದಾಗಲೆಲ್ಲ ಹೋಗಿ ಕಾಣುತ್ತಿದ್ದೆ. ಪ್ರತಿ ಸಲವೂ ಮೊದಲು ಊಟ, ಆಮೇಲೆ "ಈಗ ಹೇಳ್ರಿ, ಯಾರು ನೀವು?" ಎಂದು ನಗು.

ಕಾರ್ಡು ಬಂದ ಮೇಲೆ ಅವರ ಹೆಂಡತಿಯನ್ನು ಕಂಡು ಬರಲು ಹೋಗಿದ್ದೆ. ಆಕೆ ಗೂಟಕ್ಕೆ ನೇತುಹಾಕಿದ್ದ ರುಮಾಲು ತೋರಿಸಿ, "ಇನ್ನು ತುದಿ ಹಿಡಿಯೋ ಕೆಲಸ ತಪ್ಪಿತು ನೋಡ್ರಿ" ಎಂದರು. ನಾನು ನೋಟ್ ಪುಸ್ತಕ ಇದೆಯೇ ಎಂದು ಕೇಳಿದೆ. ಇತ್ತು. ಏಳು ಗುಣಗಳ ಪಟ್ಟಿ, ದನ ಯಾರು ನೋಡಿದರು ಎಂಬ ಪ್ರಶ್ನೆ, ಆಮೇಲೆ ಪುಟ ಪುಟವೆಲ್ಲ ಖಾಲಿ. ಹೆಸರು ಉಳಿಯಬೇಕು ಎಂದು ಅಷ್ಟು ಆಸೆಪಟ್ಟ ಮನುಷ್ಯ ಕಾರ್ಡಿನ ಅಂಚಿನಲ್ಲಿ ಒಂದು ಸಾಲಾಗಿ ಹೋದರಲ್ಲ ಎಂದುಕೊಂಡು ಪುಸ್ತಕ ಮುಚ್ಚಿದೆ.

ವಾಪಸು ಬರುವಾಗ ನಮ್ಮ ಬಸ್ಸು ದೇವಸಮುದ್ರದ ಈಚೆ ಒಂದು ಹಟ್ಟಿಯ ಹತ್ತಿರ ಎಂಜಿನ್ನು ಕಾದು ನಿಂತಿತು. ಡ್ರೈವರು ನೀರು ತರಲು ಹೋದ. ನಾನು ಇಳಿದು ಬೇವಿನ ನೆರಳಿಗೆ ಹೋದೆ. ಅಲ್ಲೊಬ್ಬ ಅಜ್ಜಿ ಮೊಮ್ಮಗಳ ತಲೆ ಬಾಚುತ್ತ ಕಥೆ ಹೇಳುತ್ತಿದ್ದಳು. ಮೊದಮೊದಲು ನಾನು ಕಿವಿಗೊಡಲಿಲ್ಲ.

"...ಆ ಮುದುಕ ರಾಜ ಒಳಗೆ ಹೋದ. ಹೋಗಿ ಏನ್ ಮಾಡ್ದ ಅಂದ್ರೆ, ತಲೆ ಮ್ಯಾಲಿನ ರುಮಾಲು ಬಿಚ್ಚಿ ವೈರಿ ಕಾಲ್ಮುಂದೆ ಇಟ್ಟ. ಇಟ್ಟು ಅವ್ನ ಕೈ ಹಿಡ್ಕಂಡ..."

ನಾನು ಹತ್ತಿರ ಹೋದೆ. "ಅವ್ವಾ, ಯಾರವ್ವಾ ಆ ರಾಜ? ಹೆಸರೇನು?" ಎಂದೆ.

"ಹೆಸ್ರು ಯಾರಿಗೆ ಗೊತ್ತಪ್ಪ" ಎಂದಳು ಅಜ್ಜಿ, ಬಾಚಣಿಗೆ ನಿಲ್ಲಿಸದೆ. "ಯಾವ್ದೋ ದೂರದ ಸೀಮೆ ರಾಜ. ಮಕ್ಳಿಗೆ ಓದು ಹೇಳ್ತಿದ್ನಂತೆ."

ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಇಲ್ಲಿ ಬರೆಯುವುದೂ ಇಲ್ಲ. ನಾನು ಆ ಹುಡುಗಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಕೊಂಡು, "ಆಮೇಲೇನಾತವ್ವಾ?" ಎಂದು ಕೇಳಿದೆ.